ಭೌತಚಿಕಿತ್ಸೆಯ ವಿದ್ಯಾಪರಂಪರೆಯೂ ರಾಜಾನುಜ್ಞೆಯೂ

ಶರೀರವು ಶಿವನ ನಿವಾಸಸ್ಥಾನವೆಂಬ ಭಾವನೆಯು ಶರಣಧರ್ಮಕ್ಕೆ ಮೂಲಭೂತವಾದುದು. ಕಾಯವನ್ನು ಹೇಯವೆಂದು ತಿರಸ್ಕರಿಸದೆ, ಸಾಧನವೆಂದು ಗೌರವಿಸಿ, ಅದರಿಂದ ನಡೆಯತಕ್ಕ ಸತ್ಯಶುದ್ಧವಾದ ದುಡಿಮೆಗೆ ಕಾಯಕವೆಂಬ ನಾಮಧೇಯವನ್ನಿತ್ತವರು ಕಲ್ಯಾಣದ ಶರಣರು. ನುಲಿಯ ಚಂದಯ್ಯನವರು ಹುಲ್ಲನ್ನು ಹೊಸೆದು ಹಗ್ಗಮಾಡಿದುದು ಕೈಗಳಿಂದ. ಮಡಿವಾಳ ಮಾಚಿದೇವರು ಬಟ್ಟೆಗಳನ್ನು ಮಡಿಮಾಡಿದುದು ತೋಳುಗಳ ಬಲದಿಂದ. ಕಾಯಕವಿಲ್ಲದೆ ದಾಸೋಹವಿಲ್ಲ, ಕಾಯವು ಕುಂದಿದರೆ ಕಾಯಕವು ನಿಲ್ಲುವುದು. ಹೀಗಿರಲು, ಕುಂದಿದ ಕಾಯವನ್ನು ಮರಳಿ ಕಾಯಕಕ್ಕೆ ಯೋಗ್ಯವಾಗುವಂತೆ ಮಾಡುವ ವಿದ್ಯೆಯು ಶ್ರೀಮಠದ ಸದ್ಭಕ್ತರಿಗೆ ಅನ್ಯವಾದುದಲ್ಲ. ಆಂಗ್ಲೇಯ ಭಾಷೆಯಲ್ಲಿ ಫಿಸಿಯೋಥೆರಪಿ ಎಂದು ಹೆಸರಾದ ಈ ವಿದ್ಯೆಯನ್ನು ಕನ್ನಡದಲ್ಲಿ ಭೌತಚಿಕಿತ್ಸೆಯೆಂದು ಕರೆಯುವುದು ವಾಡಿಕೆಯಾಗಿದೆ. ಔಷಧಸೇವನೆಯನ್ನಾಗಲಿ ಶಸ್ತ್ರಪ್ರಯೋಗವನ್ನಾಗಲಿ ಅವಲಂಬಿಸದೆ, ವ್ಯಾಯಾಮ, ಹಸ್ತಕ್ರಿಯೆ, ಶಾಖ, ಶೈತ್ಯ, ಜಲ, ವಿದ್ಯುತ್ತು ಇವುಗಳ ಮೂಲಕ ಅಂಗಗಳ ಚಲನಶಕ್ತಿಯನ್ನು ಪುನಃ ಸಂಪಾದಿಸಿಕೊಡುವುದು ಇದರ ಸ್ವರೂಪವು.

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಎಂದರೆ ಜಯನಗರ, ಜಯಪ್ರಕಾಶನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಈ ಪ್ರದೇಶಗಳಲ್ಲಿ, ಭೌತಚಿಕಿತ್ಸೆಯ ನಾಮಫಲಕವಿಲ್ಲದ ದೊಡ್ಡ ಬೀದಿಯು ಇಂದು ದುರ್ಲಭವು. ಮಂಡಿನೋವಿನಿಂದ ನರಳುವ ವೃದ್ಧರೂ, ಪಾರ್ಶ್ವವಾಯುವಿನಿಂದ ಅರ್ಧಾಂಗವು ಸ್ತಬ್ಧವಾದ ಗೃಹಸ್ಥರೂ, ಬೆನ್ನು ಹಿಡಿದುಕೊಂಡ ಯುವಕರೂ ಆ ಬಾಗಿಲುಗಳಲ್ಲಿ ಕಾದಿರುವರು. ಅಲ್ಲಿ ಅವರ ಶರೀರವನ್ನು ಮುಟ್ಟುವ ಕೈಗೆ ಆ ಅಧಿಕಾರವು ಎಲ್ಲಿಂದ ಬಂದಿತು? ಆ ಕೈಯು ಯಾವ ಗುರುವಿನ ಬಳಿ, ಎಷ್ಟು ವರ್ಷ, ಏನನ್ನು ಕಲಿತುದು? ಈ ಪ್ರಶ್ನೆಯನ್ನು ಕೇಳುವವರು ವಿರಳ. ಮದುವೆಗೆ ಮನೆತನವನ್ನೂ ದೀಕ್ಷೆಗೆ ಗುರುಪರಂಪರೆಯನ್ನೂ ವಿಚಾರಿಸುವ ಜನರು ತಮ್ಮ ಮೈಯನ್ನೊಪ್ಪಿಸುವಾಗ ಪರಂಪರೆಯನ್ನು ವಿಚಾರಿಸದಿರುವುದು ಆಶ್ಚರ್ಯಕರವು. ಆದುದರಿಂದ ಭೌತಚಿಕಿತ್ಸಕರ ವಿದ್ಯಾರ್ಹತೆಯು ಹೇಗೆ ಬೆಳೆದು ಬಂದಿತೆಂಬ ಇತಿಹಾಸವನ್ನು ತಿಳಿದುಕೊಳ್ಳುವುದು ಭಕ್ತಜನರಿಗೆ ಕ್ಷೇಮಕರವಾದುದು.

ಈ ವಿಚಾರಕ್ಕೆ ಅಳತೆಗೋಲನ್ನು ಹೊರದೇಶಗಳಿಂದ ತರಬೇಕಾದುದಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ವೈದ್ಯನು ವೃತ್ತಿಗೆ ಪ್ರವೇಶಿಸುವುದಕ್ಕೆ ಮುಂಚೆ ಯಾವ ಯೋಗ್ಯತೆಗಳನ್ನು ಪಡೆದಿರಬೇಕೆಂಬುದು ಸ್ಪಷ್ಟವಾಗಿ ಹೇಳಲ್ಪಟ್ಟಿದೆ. ಶಾಸ್ತ್ರವನ್ನು ಅಧ್ಯಯನ ಮಾಡಿರಬೇಕು. ಅದರ ಅರ್ಥವನ್ನು ಗ್ರಹಿಸಿರಬೇಕು. ಗುರುವು ಮಾಡುವ ಕರ್ಮವನ್ನು ಕಣ್ಣಾರೆ ಕಂಡಿರಬೇಕು. ಕೈಯಾರೆ ಅಭ್ಯಾಸ ಮಾಡಿರಬೇಕು. ಕಲಿತ ಶಾಸ್ತ್ರವನ್ನು ವಿವರಿಸಿ ಹೇಳಲು ಸಮರ್ಥನಾಗಿರಬೇಕು. ಕಟ್ಟಕಡೆಗೆ ರಾಜನ ಅನುಜ್ಞೆಯನ್ನು ಹೊಂದಿರಬೇಕು. ಹೀಗೆ ಆರು ಮೆಟ್ಟಿಲುಗಳು. ಅಭ್ಯಾಸವೆಂಬುದು ರೋಗಿಯ ಮೈಮೇಲೆಯೇ ಮೊದಲಾಗತಕ್ಕದ್ದಲ್ಲವೆಂದು ತಿಳಿದು, ಛೇದನಕ್ಕೆ ಸೋರೆ ಕುಂಬಳ ಮುಂತಾದ ಕಾಯಿಗಳನ್ನೂ, ಕಟ್ಟುಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆಯನ್ನೂ ಉಪಯೋಗಿಸಬೇಕೆಂದು ಆ ಗ್ರಂಥವು ವಿಧಿಸುವುದು. ಶಾಸ್ತ್ರವನ್ನು ಮಾತ್ರ ಬಲ್ಲವನೂ ಕರ್ಮವನ್ನು ಮಾತ್ರ ಬಲ್ಲವನೂ ಒಂದೇ ರೆಕ್ಕೆಯ ಹಕ್ಕಿಗೆ ಸಮಾನರೆಂದು ಅಲ್ಲಿಯೇ ಹೋಲಿಸಲಾಗಿದೆ. ಅದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ಕುವೈದ್ಯನು ಜನರ ಪ್ರಾಣವನ್ನು ಹರಣಮಾಡುತ್ತಿದ್ದರೆ ಅದರಲ್ಲಿ ರಾಜನ ದೋಷವೂ ಉಂಟೆಂಬುದು ಸುಶ್ರುತರ ಅಭಿಪ್ರಾಯವು. ಅಯೋಗ್ಯನನ್ನು ತಡೆಯದಿರುವ ಪ್ರಭುತ್ವವು ಅಪರಾಧದಲ್ಲಿ ಭಾಗಿಯೆಂಬುದು ಇದರ ತಾತ್ಪರ್ಯವು. ಭೌತಚಿಕಿತ್ಸೆಯ ಇತಿಹಾಸವನ್ನು ಈ ಆರು ಮೆಟ್ಟಿಲುಗಳಿಂದ ಅಳೆದು ನೋಡಿದರೆ ಅದರ ಏಳುಬೀಳುಗಳು ತಾವಾಗಿಯೇ ಗೋಚರವಾಗುವುವು.

ವಿದ್ಯೆಯ ಬೀಜವು ನಮ್ಮ ದೇಶದಲ್ಲಿ ಪುರಾತನವಾದುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಭಗ್ನಚಿಕಿತ್ಸಾಪ್ರಕರಣದಲ್ಲಿ ಮುರಿದ ಮೂಳೆಯನ್ನು ಕೂಡಿಸುವ, ಕಟ್ಟುವ, ರೋಗಿಯನ್ನು ಹಲಗೆಯ ಮೇಲೆ ಅಲುಗದಂತೆ ಮಲಗಿಸುವ ವಿಧಾನಗಳು ಉಕ್ತವಾಗಿವೆ. ಅಂಗೈಯ ಮೂಳೆಯು ಮುರಿದು ಕೂಡಿದಮೇಲೆ ರೋಗಿಯು ಮೊದಲು ಮಣ್ಣಿನ ಮುದ್ದೆಯನ್ನೂ, ಅನಂತರ ಉಪ್ಪಿನ ಗಟ್ಟಿಯನ್ನೂ, ಕೈಗೆ ಬಲಬಂದಮೇಲೆ ಕಲ್ಲನ್ನೂ ಹಿಡಿದು ಅಭ್ಯಾಸಮಾಡಬೇಕೆಂದು ಅಲ್ಲಿ ಹೇಳಿದೆ. ಮೃದುವಿನಿಂದ ಕಠಿನಕ್ಕೆ, ಹಗುರಿನಿಂದ ಭಾರಕ್ಕೆ ಕ್ರಮಕ್ರಮವಾಗಿ ಏರುವ ಈ ನಿಯಮವೇ ಇಂದಿನ ಭೌತಚಿಕಿತ್ಸೆಯ ವ್ಯಾಯಾಮಕ್ರಮಕ್ಕೂ ತಳಹದಿಯಾಗಿದೆ.

ಕನ್ನಡ ನಾಡಿನಲ್ಲಿಯೂ ಈ ಕಲೆಗೆ ರಾಜಾಶ್ರಯವು ದೊರೆತಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಪಾದಾಭ್ಯಂಗಕ್ಕೆ ಒಂದು ಪ್ರತ್ಯೇಕ ಪ್ರಕರಣವೂ, ಮಲ್ಲರ ಸಾಧನೆಗೆ ಇನ್ನೊಂದು ಪ್ರಕರಣವೂ ಮೀಸಲಾಗಿವೆ. ಅದೇ ಶತಮಾನದಲ್ಲಿ ಅದೇ ಕಲ್ಯಾಣದ ಶರಣಸಮೂಹದಲ್ಲಿ ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣನವರು ಪ್ರಸಿದ್ಧರಾದರು. ಮೈಸೂರಿನ ಅರಸರ ಆಶ್ರಯದಲ್ಲಿದ್ದ ಜಟ್ಟಿಗಳು ದಸರೆಯ ವಜ್ರಮುಷ್ಟಿ ಕಾಳಗಕ್ಕೆ ಹೆಸರಾದಂತೆಯೇ ಅಂಗಮರ್ದನಕ್ಕೂ ಉಳುಕಿದ ಕೀಲುಗಳನ್ನು ಕೂಡಿಸುವುದಕ್ಕೂ ಹೆಸರಾಗಿದ್ದರು. ಊರೂರಿನ ಗರಡಿಮನೆಗಳಲ್ಲಿ ಉಸ್ತಾದರು ಪೈಲ್ವಾನರ ಮೈಯನ್ನು ತಿದ್ದುತ್ತಿದ್ದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ಸ್ಥಾಪಿಸಿ ಶರೀರಸಂಸ್ಕಾರವನ್ನು ಶಾಸ್ತ್ರೀಯವಾಗಿ ಬೋಧಿಸಿದ ಕೆ. ವಿ. ಅಯ್ಯರವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿಯೂ ಕನ್ನಡಿಗರಿಗೆ ಪರಿಚಿತರು.

ಈ ಪರಂಪರೆಯ ಗುಣವನ್ನೂ ದೋಷವನ್ನೂ ಪಕ್ಷಪಾತವಿಲ್ಲದೆ ನೋಡುವುದು ಯುಕ್ತವು. ಇವರಲ್ಲಿ ಅನೇಕರಿಗೆ ಹಸ್ತಕೌಶಲವಿತ್ತು; ನೋಡಿ ಕಲಿಯುವುದೂ ಮಾಡಿ ಕಲಿಯುವುದೂ ಇತ್ತು. ಆದರೆ ಚರ್ಮದ ಒಳಗಿರುವ ನರ, ರಕ್ತನಾಳ, ಮಜ್ಜೆಗಳ ಶಾಸ್ತ್ರಜ್ಞಾನವು ಎಲ್ಲರಿಗೂ ಇರಲಿಲ್ಲ. ಮುರಿದ ಮೊಣಕೈಗೆ ಬಿದಿರುಪಟ್ಟಿಯನ್ನಿಟ್ಟು ಅತಿಬಿಗಿಯಾಗಿ ಕಟ್ಟಿದಲ್ಲಿ ರಕ್ತಸಂಚಾರವು ನಿಂತು, ಮುಂಗೈಯ ಸ್ನಾಯುಗಳು ಸತ್ತು, ಮಗುವಿನ ಬೆರಳುಗಳು ಹಕ್ಕಿಯ ಉಗುರುಗಳಂತೆ ಶಾಶ್ವತವಾಗಿ ಮುರುಟಿಕೊಳ್ಳುವುದುಂಟು. ಕಟ್ಟಿದವನ ಉದ್ದೇಶವು ಒಳ್ಳೆಯದೇ, ಕೈಯೂ ನುರಿತದ್ದೇ, ಆದರೂ ಒಂದು ರೆಕ್ಕೆಯು ಇಲ್ಲದೆ ಹೋಯಿತು.

ಎರಡನೆಯ ರೆಕ್ಕೆಯು ಬೆಳೆದುದು ಐರೋಪ್ಯ ದೇಶಗಳಲ್ಲಿ. ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗ್ ಎಂಬಾತನು ೧೮೧೩ನೆಯ ಇಸವಿಯಲ್ಲಿ ಸ್ಟಾಕ್‌ಹೋಮ್ ಪಟ್ಟಣದಲ್ಲಿ ವ್ಯಾಯಾಮವಿದ್ಯೆಗಾಗಿ ಒಂದು ರಾಜಕೀಯ ವಿದ್ಯಾಲಯವನ್ನು ಸ್ಥಾಪಿಸಿದನು. ಅಲ್ಲಿ ಸೈನಿಕರ ಹಾಗೂ ಶಾಲಾಬಾಲಕರ ವ್ಯಾಯಾಮದೊಂದಿಗೆ ರೋಗಿಗಳ ಚಿಕಿತ್ಸಾವ್ಯಾಯಾಮವೂ ಪಾಠಕ್ರಮದಲ್ಲಿ ಸೇರಿತು. ೧೮೮೭ನೆಯ ಇಸವಿಯಲ್ಲಿ ಆ ದೇಶದ ಆರೋಗ್ಯಾಧಿಕಾರಮಂಡಲಿಯು ಈ ವೃತ್ತಿಯವರಿಗೆ ಅಧಿಕೃತ ನೋಂದಣಿಯನ್ನು ಕೊಟ್ಟಿತು. ಸುಶ್ರುತರು ಹೇಳಿದ ರಾಜಾನುಜ್ಞೆಯು ಅಲ್ಲಿ ಅಷ್ಟು ಮುಂಚಿತವಾಗಿ ದೊರೆಯಿತು.

ಇಂಗ್ಲೆಂಡಿನ ಕಥೆಯು ಹೆಚ್ಚು ಬೋಧಪ್ರದವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಂಡನ್ ನಗರದಲ್ಲಿ ಅಂಗಮರ್ದನದ ಹೆಸರಿನಲ್ಲಿ ಅನಾಚಾರಗಳು ನಡೆಯುತ್ತಿವೆಯೆಂಬ ಅಪವಾದವು ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿ, ಪ್ರಾಮಾಣಿಕರಾದವರಿಗೂ ತಲೆಯೆತ್ತಿ ನಡೆಯುವುದು ಕಷ್ಟವಾಯಿತು. ಆಗ ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ದಾದಿಯರು ೧೮೯೪ನೆಯ ಇಸವಿಯಲ್ಲಿ ಶಿಕ್ಷಿತ ಅಂಗಮರ್ದಿನಿಯರ ಸಂಘವೊಂದನ್ನು ಸ್ಥಾಪಿಸಿದರು. ಪಾಠಕ್ರಮವನ್ನು ಗೊತ್ತುಮಾಡಿ, ಪರೀಕ್ಷೆಯನ್ನು ನಡೆಸಿ, ನಡತೆಯ ನಿಯಮಗಳನ್ನು ವಿಧಿಸಿ, ಉತ್ತೀರ್ಣರಾದವರಿಗೆ ಮಾತ್ರ ಪ್ರಮಾಣಪತ್ರವನ್ನು ಕೊಡುವ ಪದ್ಧತಿಯನ್ನು ಅವರು ತಂದರು. ಅಪವಾದಕ್ಕೆ ಅವರು ಕೊಟ್ಟ ಉತ್ತರವು ವಾಗ್ವಾದವಲ್ಲ, ವಿದ್ಯೆ. ಆ ಸಂಘಕ್ಕೆ ೧೯೨೦ರಲ್ಲಿ ರಾಜಶಾಸನವು ಲಭಿಸಿತು; ೧೯೪೪ರಲ್ಲಿ ಅದು ಭೌತಚಿಕಿತ್ಸಕರ ಸಂಘವೆಂಬ ಹೆಸರನ್ನು ಧರಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಅಂಗವಿಕಲರಾಗಿ ಹಿಂದಿರುಗಿದ ಯೋಧರ ಶುಶ್ರೂಷೆಯಿಂದ ಈ ವಿದ್ಯೆಗೆ ಅಮೆರಿಕಾ ದೇಶದಲ್ಲಿಯೂ ಮಹತ್ವವು ಬಂದು, ೧೯೨೧ರಲ್ಲಿ ಅಲ್ಲಿಯೂ ಭೌತಚಿಕಿತ್ಸಕಿಯರ ಸಂಘವು ಹುಟ್ಟಿತು. ೧೯೫೧ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ನಾನಾ ದೇಶಗಳ ಸಂಘಗಳು ಸೇರಿ ವಿಶ್ವಸಂಘಟನೆಯೊಂದನ್ನು ರಚಿಸಿಕೊಂಡವು.

ಭಾರತಕ್ಕೆ ಈ ವಿದ್ಯೆಯು ವ್ಯವಸ್ಥಿತವಾಗಿ ಬಂದುದು ಒಂದು ವಿಪತ್ತಿನ ಹಿಂದೆಯೇ. ಸ್ವಾತಂತ್ರ್ಯವು ಬಂದ ಹೊಸತರಲ್ಲಿ, ೧೯೪೯ರಿಂದ ಮುಂದಿನ ವರ್ಷಗಳಲ್ಲಿ, ಮುಂಬಯಿ ನಗರದಲ್ಲಿ ಪೋಲಿಯೋ ರೋಗವು ಹಬ್ಬಿ ಅನೇಕ ಶಿಶುಗಳ ಕೈಕಾಲುಗಳು ಸ್ವಾಧೀನ ತಪ್ಪಿದವು. ಜ್ವರವನ್ನಿಳಿಸಿದರೂ ಕಾಲನ್ನು ನಡೆಸುವವರಿರಲಿಲ್ಲ. ಆಗ ಭಾರತ ಸರಕಾರ, ಮುಂಬಯಿಯ ನಗರಸಭೆ, ವಿಶ್ವ ಆರೋಗ್ಯ ಸಂಸ್ಥೆ ಇವುಗಳ ಸಹಯೋಗದಿಂದ ೧೯೫೩ರಲ್ಲಿ ಅಲ್ಲಿಯ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ಭೌತಚಿಕಿತ್ಸೆಯ ಪಾಠಶಾಲೆಯು ಆರಂಭವಾಯಿತು. ೧೯೫೫ರಲ್ಲಿ ಭಾರತೀಯ ಭೌತಚಿಕಿತ್ಸಕರ ಸಂಘವು ಸ್ಥಾಪಿತವಾಯಿತು. ಬೆಂಗಳೂರಿಗೆ ಸಮೀಪವಾದ ವೇಲೂರಿನ ಕ್ರೈಸ್ತ ವೈದ್ಯಕೀಯ ವಿದ್ಯಾಲಯದಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗದಿಂದ ಮುರುಟಿದ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿ, ಸ್ಥಾನಾಂತರಗೊಂಡ ಸ್ನಾಯುಗಳಿಗೆ ಹೊಸ ಚಲನೆಯನ್ನು ವ್ಯಾಯಾಮದಿಂದ ಕಲಿಸುವ ಪದ್ಧತಿಯನ್ನು ಬೆಳೆಸಿದರು. ಅವರ ಶಿಷ್ಯೆಯಾದ ಡಾ. ಮೇರಿ ವರ್ಗೀಸ್ ಅವರು ೧೯೫೪ರಲ್ಲಿ ವಾಹನದ ಅಪಘಾತದಿಂದ ಸೊಂಟದ ಕೆಳಗೆ ಶಕ್ತಿಗುಂದಿದವರಾದರೂ, ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆಗಳನ್ನು ನಡೆಸಿ, ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯವನ್ನು ಅಭ್ಯಾಸಮಾಡಿ ಬಂದು, ೧೯೬೬ರಲ್ಲಿ ವೇಲೂರಿನಲ್ಲಿ ಪುನರ್ವಸತಿ ಕೇಂದ್ರವು ತೆರೆಯುವುದಕ್ಕೆ ಕಾರಣರಾದರು. ಕಾಯವು ಕುಂದಿದರೂ ಕಾಯಕವನ್ನು ಬಿಡದ ಈ ಮಹಿಳೆಯ ಚರಿತ್ರೆಯು ಶರಣಧರ್ಮದವರಿಗೆ ಹೃದ್ಯವಾಗದೆ ಇರದು. ಯಾವ ರೋಗದಿಂದ ಈ ವಿದ್ಯೆಗೆ ಭಾರತದಲ್ಲಿ ಪಾಠಶಾಲೆಯು ಹುಟ್ಟಿತೋ ಆ ಪೋಲಿಯೋ ರೋಗದ ಕೊನೆಯ ಪ್ರಕರಣವು ದೇಶದಲ್ಲಿ ಕಂಡುಬಂದುದು ೨೦೧೧ನೆಯ ಜನವರಿಯಲ್ಲಿ. ೨೦೧೪ನೆಯ ಮಾರ್ಚಿಯಲ್ಲಿ ಭಾರತವು ಅದರಿಂದ ಮುಕ್ತವೆಂದು ಘೋಷಿತವಾಯಿತು. ರೋಗವು ಹೋಯಿತು, ವಿದ್ಯೆಯು ಉಳಿದು ಬೆಳೆಯಿತು.

ಇನ್ನು ದಕ್ಷಿಣ ಬೆಂಗಳೂರಿನ ವಿಚಾರ. ಶ್ರೀ ಜಯಚಾಮರಾಜ ಒಡೆಯರ ಹೆಸರನ್ನು ಹೊತ್ತ ಜಯನಗರಕ್ಕೆ ೧೯೪೮ನೆಯ ಇಸವಿಯಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು ಶಂಕುಸ್ಥಾಪನೆಯನ್ನು ನೆರವೇರಿಸಿದರು. ಕಾಲಕ್ರಮದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳ ಮೊದಲಕ್ಷರಗಳಿಂದ ಬಿ.ಟಿ.ಎಂ. ಎಂಬ ಹೆಸರೂ, ಲೋಕನಾಯಕ ಜಯಪ್ರಕಾಶ ನಾರಾಯಣರ ಸ್ಮರಣಾರ್ಥವಾಗಿ ಜಯಪ್ರಕಾಶನಗರವೂ ಉಂಟಾದವು. ಹೊಲಗದ್ದೆಗಳಿದ್ದಲ್ಲಿ ಮನೆಗಳೆದ್ದವು, ನಡೆದು ದುಡಿಯುತ್ತಿದ್ದವರ ಮಕ್ಕಳು ಕುಳಿತು ದುಡಿಯುವವರಾದರು, ಆಯುಸ್ಸು ಹೆಚ್ಚಿತು, ಅದರೊಡನೆ ಕೀಲುನೋವೂ ಹೆಚ್ಚಿತು. ಇದೇ ಪ್ರದೇಶದಲ್ಲಿ ವಿದ್ಯೆಯ ಪೀಠವೂ ನೆಲೆಗೊಂಡುದು ವಿಶೇಷವು. ೧೯೯೪ನೆಯ ಶಾಸನದಂತೆ ರಚಿತವಾಗಿ ೧೯೯೬ನೆಯ ಜೂನ್ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಜಯನಗರದ ನಾಲ್ಕನೆಯ ಟಿ ವಿಭಾಗದಲ್ಲಿದೆ. ಕರ್ಣಾಟಕದ ಅನೇಕ ಭೌತಚಿಕಿತ್ಸಾ ವಿದ್ಯಾಲಯಗಳಿಗೆ ಪಾಠಕ್ರಮವನ್ನು ವಿಧಿಸಿ ಪರೀಕ್ಷೆ ನಡೆಸಿ ಪದವಿಯನ್ನು ಕೊಡುವ ಅಧಿಕಾರವು ಇದಕ್ಕುಂಟು. ೧೯೪೦ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಸಮಿತಿಯು ಜಯನಗರದಲ್ಲಿಯೂ, ದಯಾನಂದ ಸಾಗರ ಸಂಸ್ಥೆಯವರು ಕುಮಾರಸ್ವಾಮಿ ಬಡಾವಣೆಯಲ್ಲಿಯೂ ಭೌತಚಿಕಿತ್ಸೆಯ ವಿದ್ಯಾಲಯಗಳನ್ನು ನಡೆಸುತ್ತಿರುವರು. ಕೆಂಪೇಗೌಡರ ಹೆಸರಿನ ಭೌತಚಿಕಿತ್ಸಾ ಸಂಸ್ಥೆಯೂ ನಗರದ ಇದೇ ಭಾಗದ್ದು.

ಲಿಂಗಾಯತ ಸಮಾಜವು ಈ ಕಾರ್ಯದಲ್ಲಿ ಹಿಂದುಳಿದಿಲ್ಲವೆಂಬುದನ್ನು ಇಲ್ಲಿ ಸ್ಮರಿಸತಕ್ಕದ್ದು. ೧೯೧೬ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಭೌತಚಿಕಿತ್ಸೆಯ ವಿದ್ಯಾಲಯವನ್ನು ನಡೆಸುತ್ತಿದೆ. ಸುತ್ತೂರು ಶ್ರೀಕ್ಷೇತ್ರದ ಜಗದ್ಗುರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಸ್ಥಾಪಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಆಶ್ರಯದಲ್ಲಿ ಮೈಸೂರಿನಲ್ಲಿ ಭೌತಚಿಕಿತ್ಸಾ ವಿದ್ಯಾಲಯವೂ, ವಿಕಲಾಂಗರಿಗಾಗಿಯೇ ಏರ್ಪಟ್ಟ ಪಾಲಿಟೆಕ್ನಿಕ್ಕೂ ನಡೆಯುತ್ತಿವೆ. ಮಠಗಳ ಅನ್ನದಾಸೋಹವು ಅಕ್ಷರದಾಸೋಹವಾಗಿ, ಅಕ್ಷರದಾಸೋಹವು ಆರೋಗ್ಯದಾಸೋಹವಾಗಿ ಬೆಳೆದ ಕ್ರಮವು ಇದು.

ಈ ವಿದ್ಯಾಲಯಗಳಲ್ಲಿ ಕಲಿಕೆಯು ಎಂತಹುದೆಂಬುದನ್ನು ಭಕ್ತರು ತಿಳಿಯಬೇಕು. ಬಿ.ಪಿ.ಟಿ. ಎಂದು ಸಂಕ್ಷೇಪವಾಗಿ ಕರೆಯುವ ಭೌತಚಿಕಿತ್ಸಾ ಸ್ನಾತಕ ಪದವಿಗೆ ಜಯನಗರದ ವಿಶ್ವವಿದ್ಯಾನಿಲಯವು ನಾಲ್ಕು ವರ್ಷಗಳ ಪಾಠವನ್ನೂ ಆರು ತಿಂಗಳ ಆಸ್ಪತ್ರೆಯ ಸೇವೆಯನ್ನೂ ವಿಧಿಸಿತು. ೨೦೨೫ರಲ್ಲಿ ರಾಷ್ಟ್ರೀಯ ಆಯೋಗವು ಪ್ರಕಟಿಸಿದ ಹೊಸ ಪಾಠಕ್ರಮದಲ್ಲಿ ಒಂದು ವರ್ಷದ ಆಸ್ಪತ್ರೆಸೇವೆಯೂ ಸೇರಿ ಒಟ್ಟು ಐದು ವರ್ಷಗಳ ಅವಧಿಯು ಗೊತ್ತಾಗಿದೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ರೋಗನಿದಾನ, ಚಲನಶಾಸ್ತ್ರ, ವ್ಯಾಯಾಮಚಿಕಿತ್ಸೆ, ವಿದ್ಯುಚ್ಚಿಕಿತ್ಸೆ ಮುಂತಾದವು ಪಾಠ್ಯವಿಷಯಗಳು. ಸುಶ್ರುತರ ಮೆಟ್ಟಿಲುಗಳಿಗೆ ಹೋಲಿಸಿದರೆ, ತರಗತಿಯಲ್ಲಿ ಶಾಸ್ತ್ರವೂ ಅದರ ಅರ್ಥವೂ, ರೋಗಿಯ ಮಂಚದ ಪಕ್ಕದಲ್ಲಿ ಕರ್ಮದರ್ಶನವೂ, ಆಸ್ಪತ್ರೆಯ ಸೇವಾವಧಿಯಲ್ಲಿ ಅಭ್ಯಾಸವೂ ಸಿದ್ಧಿಸುವುವು. ಶಾಸ್ತ್ರವನ್ನು ವಿವರಿಸುವ ಸಾಮರ್ಥ್ಯಕ್ಕೆ ಪರೀಕ್ಷೆಯೂ, ಮುಂದಿನ ಪದವಿಯಲ್ಲಿ ಪ್ರಬಂಧರಚನೆಯೂ ಸಾಕ್ಷಿಯಾಗುವುವು.

ಆ ಮುಂದಿನ ಪದವಿಯು ಎಂ.ಪಿ.ಟಿ.; ಅವಧಿಯು ಎರಡು ವರ್ಷ. ವಿಶೇಷಜ್ಞತೆಯು ಪ್ರಾರಂಭವಾಗುವುದು ಇಲ್ಲಿಯೇ. ಜಯನಗರದ ವಿಶ್ವವಿದ್ಯಾನಿಲಯದ ಕ್ರಮದಲ್ಲಿ ಮೂಳೆಸ್ನಾಯುಗಳ ವಿಕಾರ ಮತ್ತು ಕ್ರೀಡೆ, ನರಗಳ ವಿಕಾರ, ಹೃದಯಶ್ವಾಸಕೋಶಗಳ ವಿಕಾರ, ಶಿಶುಗಳ ಚಿಕಿತ್ಸೆ, ಸಮುದಾಯ ಪುನರ್ವಸತಿ ಎಂಬ ಶಾಖೆಗಳುಂಟು. ಒಂದೊಂದು ಶಾಖೆಯ ಅಗತ್ಯವು ದಕ್ಷಿಣ ಬೆಂಗಳೂರಿನ ಒಂದೊಂದು ಸಂಸ್ಥೆಯನ್ನು ನೋಡಿದರೆ ಮನದಟ್ಟಾಗುವುದು. ಜಯನಗರದ ಪೂರ್ವಭಾಗದಲ್ಲಿರುವ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆಯಂತಹ ಸ್ಥಳದಲ್ಲಿ ಮುರಿದ ಮೂಳೆಯನ್ನು ಶಸ್ತ್ರವೈದ್ಯರು ಕೂಡಿಸುವರು. ವಾರಗಟ್ಟಲೆ ಅಲುಗದೆ ಬಿಗಿದುಕೊಂಡ ಕೀಲನ್ನು ಎಷ್ಟು ದಿನಕ್ಕೆ ಎಷ್ಟು ಮಡಿಸಬೇಕು, ಎಷ್ಟು ಭಾರವನ್ನು ಹೊರಿಸಬೇಕೆಂಬುದನ್ನು ಮೊದಲನೆಯ ಶಾಖೆಯವರು ಬಲ್ಲರು. ಬನ್ನೇರುಘಟ್ಟ ರಸ್ತೆಯ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಯಲ್ಲಿ ಎದೆಯನ್ನು ತೆರೆದು ಚಿಕಿತ್ಸೆಮಾಡಿಸಿಕೊಂಡ ರೋಗಿಯು ನೋವಿಗೆ ಹೆದರಿ ಉಸಿರನ್ನು ಆಳವಾಗಿ ಎಳೆಯದೆ, ಕೆಮ್ಮದೆ ಇದ್ದರೆ ಶ್ವಾಸಕೋಶದಲ್ಲಿ ಕಫವು ನಿಂತು ಅಪಾಯವಾಗುವುದು. ಉಸಿರಾಟದ ವ್ಯಾಯಾಮವನ್ನು ಕಲಿಸಿ, ಹೆಜ್ಜೆಹೆಜ್ಜೆಗೆ ನಾಡಿಯನ್ನು ನೋಡಿ ನಡೆಸುವುದು ಹೃದಯಶಾಖೆಯವರ ಕೆಲಸ. ಜಯಪ್ರಕಾಶನಗರದಲ್ಲಿ ೧೯೯೪ರಿಂದ ಕೆಲಸಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಸಂಸ್ಥೆಯು ಕೃತಕ ಕಾಲು, ಆಧಾರಪಟ್ಟಿ, ಗಾಲಿಕುರ್ಚಿಗಳನ್ನು ಒದಗಿಸಿ, ಬಡವರ ವಾಸಸ್ಥಾನಗಳಿಗೂ ಪುನರ್ವಸತಿಯ ಸೇವೆಯನ್ನು ಮುಟ್ಟಿಸುತ್ತಿದೆ; ಸಮುದಾಯ ಶಾಖೆಯ ಅರ್ಥವು ಅಲ್ಲಿ ಪ್ರತ್ಯಕ್ಷವು.

ನರಶಾಖೆಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಹೊಸೂರು ರಸ್ತೆಯಲ್ಲಿ ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆಯಾಗಿ ಬೆಳೆದು, ೧೯೭೪ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯೆಂದು ರೂಪಗೊಂಡ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆ ಪ್ರತ್ಯೇಕ ವಿಭಾಗವುಂಟು. ಮಿದುಳಿನ ಬಲಭಾಗದಲ್ಲಿ ರಕ್ತವು ಕಟ್ಟಿದರೆ ಎಡಗೈಯು ಬ��ದ್ದುಹೋಗುವುದು. ಲಿಂಗವಂತನಿಗೆ ಎಡಗೈಯು ಸಾಮಾನ್ಯವಾದ ಅಂಗವಲ್ಲ. ಇಷ್ಟಲಿಂಗವನ್ನು ಧರಿಸಿ ಪೂಜಿಸುವ ಕರಪೀಠವದು. ಅದು ಸ್ವಾಧೀನ ತಪ್ಪಿದ ಭಕ್ತನ ವ್ಯಥೆಯು ಅನ್ಯರಿಗೆ ತಿಳಿಯಲಾರದು. ಇಂತಹ ರೋಗಿಯನ್ನು ಮೇಲೆತ್ತುವಾಗ ಮನೆಯವರು ಕನಿಕರದಿಂದಲೇ ಆ ಬಿದ್ದ ತೋಳನ್ನು ಹಿಡಿದು ಎಳೆಯುವರು. ಸ್ನಾಯುಗಳ ರಕ್ಷಣೆಯಿಲ್ಲದ ಹೆಗಲಿನ ಕೀಲು ಅದರಿಂದ ಜಾರಿ, ಬಹುಕಾಲ ಉಳಿಯುವ ನೋವು ಉಂಟಾಗುವುದು. ತೋಳನ್ನು ಹೇಗೆ ಆಧರಿಸಬೇಕು, ರೋಗಿಯನ್ನು ಯಾವ ಮಗ್ಗುಲಿಗೆ ಮಲಗಿಸಬೇಕು, ಅಂಗೈಯನ್ನು ಹೇಗೆ ಬಿಡಿಸಬೇಕು, ಮಿದುಳಿನ ಉಳಿದ ಭಾಗಕ್ಕೆ ಹಳೆಯ ಕೆಲಸವನ್ನು ಪುನರಾವೃತ್ತಿಯಿಂದ ಹೇಗೆ ಕಲಿಸಬೇಕೆಂಬುದು ಶಾಸ್ತ್ರ. ಎಣ್ಣೆಯನ್ನು ತಿಕ್ಕಿದ ಮಾತ್ರದಿಂದ ಇದು ಸಾಧ್ಯವಾಗುವುದಿಲ್ಲ.

ಈ ವೃತ್ತಿಗೆ ಸಮೀಪವಾದ ಬೇರೆ ವೃತ್ತಿಗಳೂ ಉಂಟು, ಅವುಗಳನ್ನು ಬೆರಸಿಕೊಳ್ಳಬಾರದು. ವೈದ್ಯಪದವಿಯನ್ನು ಪಡೆದಮೇಲೆ ಪುನರ್ವಸತಿಯನ್ನೇ ವಿಶೇಷವಾಗಿ ಅಭ್ಯಸಿಸಿ ಎಂ.ಡಿ. ಪದವಿಯನ್ನು ಹೊಂದಿದವರು ಪುನರ್ವಸತಿ ವೈದ್ಯರು. ಇವರು ಔಷಧಗಳನ್ನು ವಿಧಿಸತಕ್ಕವರು. ಉಣ್ಣುವುದು, ಉಡುವುದು, ಬರೆಯುವುದು ಮುಂತಾದ ನಿತ್ಯಕರ್ಮಗಳಿಗೆ ರೋಗಿಯನ್ನು ಮತ್ತೆ ಸಿದ್ಧಗೊಳಿಸುವವರು ಆಕ್ಯುಪೇಷನಲ್ ಥೆರಪಿಯವರು. ಕೃತಕಾಂಗಗಳನ್ನು ನಿರ್ಮಿಸಿ ಜೋಡಿಸುವವರು ಇನ್ನೊಂದು ವರ್ಗ. ಕೆಲವು ವಾರಗಳ ಶಿಕ್ಷಣದಿಂದ ಅಂಗಮರ್ದನವನ್ನೋ ವ್ಯಾಯಾಮಶಾಲೆಯ ಯಂತ್ರಗಳನ್ನೋ ಕಲಿತವರೂ ಸಮಾಜಕ್ಕೆ ಉಪಯುಕ್ತರೇ. ಆದರೆ ಅವರು ಭೌತಚಿಕಿತ್ಸಕರಲ್ಲ.

ಇಷ್ಟೆಲ್ಲ ವಿದ್ಯೆಯು ಬೆಳೆದರೂ ಸುಶ್ರುತರ ಆರನೆಯ ಮೆಟ್ಟಿಲು ಭಾರತದಲ್ಲಿ ಬಹುಕಾಲ ಶೂನ್ಯವಾಗಿಯೇ ಉಳಿಯಿತು. ವೈದ್ಯರಿಗೂ ದಂತವೈದ್ಯರಿಗೂ ದಾದಿಯರಿಗೂ ಔಷಧಗಾರರಿಗೂ ಕೇಂದ್ರಶಾಸನಗಳೂ ಪರಿಷತ್ತುಗಳೂ ಇದ್ದವು, ಭೌತಚಿಕಿತ್ಸಕರಿಗೆ ಇರಲಿಲ್ಲ. ೧೯೯೨ನೆಯ ಪುನರ್ವಸತಿ ಪರಿಷತ್ತಿನ ಶಾಸನವು ಕೃತಕಾಂಗ ನಿರ್ಮಾಪಕರು ಮುಂತಾದವರನ್ನು ಒಳಗೊಂಡಿತಾದರೂ ಭೌತಚಿಕಿತ್ಸಕರ ನೋಂದಣಿಯು ಅದರಲ್ಲಿ ಸೇರಲಿಲ್ಲ. ದೆಹಲಿಯವರು ೧೯೯೭ರಲ್ಲಿಯೂ ಮಹಾರಾಷ್ಟ್ರದವರು ೨೦೦೨ರಲ್ಲಿಯೂ ತಮ್ಮ ತಮ್ಮ ಪ್ರಾಂತಗಳಿಗೆ ಶಾಸನಗಳನ್ನು ಮಾಡಿಕೊಂಡರು. ಕರ್ಣಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ೨೦೦೭ನೆಯ ಶಾಸನವು ಭೌತಚಿಕಿತ್ಸೆಯ ಸ್ಥಳಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು; ಆದರೆ ಅದು ನೋಡಿದುದು ಮನೆಯನ್ನು, ಮನೆಯೊಳಗಿನ ಕೈಯನ್ನಲ್ಲ. ಪರಿಣಾಮವೇನಾಯಿತೆಂದರೆ, ನಾಲ್ಕೂವರೆ ವರ್ಷ ಕಲಿತ ಪದವೀಧರನೂ, ಏನನ್ನೂ ಕಲಿಯದೆ ನಾಮಫಲಕವನ್ನು ತೂಗುಹಾಕಿದವನೂ ಸಾಮಾನ್ಯಜನರ ಕಣ್ಣಿಗೆ ಸಮಾನರಾಗಿ ಕಂಡರು. ಮೊದಲನೆಯವನಿಗೆ ಗೌರವಹಾನಿ, ರೋಗಿಗೆ ದೇಹಹಾನಿ.

ಕೊನೆಗೆ ೨೦೨೧ನೆಯ ಮಾರ್ಚಿಯಲ್ಲಿ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗದ ಶಾಸನಕ್ಕೆ ರಾಷ್ಟ್ರಪತಿಗಳ ಅಂಕಿತವು ಬಿದ್ದಿತು. ಭೌತಚಿಕಿತ್ಸಕನೆಂದರೆ ಯಾರೆಂಬ ಲಕ್ಷಣವು ಅದರಲ್ಲಿ ನಿರೂಪಿತವಾಗಿದೆ. ಕನಿಷ್ಠ ಸ್ನಾತಕ ಪದವಿಯುಳ್ಳವನೂ, ಚಲನೆಯ ದೋಷಗಳನ್ನು ಪರೀಕ್ಷಿಸಿ ವ್ಯಾಯಾಮ, ಹಸ್ತಕ್ರಿಯೆ, ಶಾಖ, ವಿದ್ಯುತ್ತು ಮೊದಲಾದವುಗಳಿಂದ ಚಿಕಿತ್ಸೆಮಾಡತಕ್ಕವನೂ, ಸ್ವತಂತ್ರವಾಗಿಯಾಗಲಿ ಇತರ ವೈದ್ಯರೊಡಗೂಡಿಯಾಗಲಿ ವೃತ್ತಿ ನಡೆಸಬಲ್ಲವನೂ ಎಂದು ಅದು ಹೇಳುವುದು. ಆರೋಗ್ಯಸೇವಾ ವೃತ್ತಿಯವನೆನಿಸಿಕೊಳ್ಳಲು ೩,೬೦೦ ಗಂಟೆಗಳಿಗೆ ಕಡಿಮೆಯಾಗದ ಶಿಕ್ಷಣವು ಅವಶ್ಯಕವೆಂದೂ, ಪ್ರತಿ ರಾಜ್ಯವೂ ಪರಿಷತ್ತನ್ನು ರಚಿಸಿ ನೋಂದಣಿಯನ್ನು ನಡೆಸತಕ್ಕದ್ದೆಂದೂ ಶಾಸನವು ವಿಧಿಸಿತು. ಜಾರಿಯು ಮಂದಗತಿಯಲ್ಲಿ ಸಾಗಿದುದರಿಂದ ೨೦೨೪ನೆಯ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತ್ವರೆಯಾಗಿ ಕಾರ್ಯರೂಪಕ್ಕೆ ತರಬೇಕೆಂದು ಕೇಂದ್ರಕ್ಕೂ ರಾಜ್ಯಗಳಿಗೂ ನಿರ್ದೇಶವನ್ನು ಕೊಟ್ಟಿತು. ಸ್ವೀಡನ್ನಿನಲ್ಲಿ ೧೮೮೭ರಲ್ಲಿ ದೊರೆತ ರಾಜಾನುಜ್ಞೆಯು ಸುಶ್ರುತರ ಸ್ವದೇಶಕ್ಕೆ ಬರುವಾಗ ೧೩೪ ವರ್ಷಗಳು ಕಳೆದಿದ್ದವು. ೨೦೨೫ರ ಪಾಠಕ್ರಮವು ಭೌತಚಿಕಿತ್ಸಕರು ಹೆಸರಿನ ಹಿಂದೆ ‘ಡಾ.’ ಎಂಬ ಬಿರುದನ್ನೂ ಮುಂದೆ ‘ಪಿ.ಟಿ.’ ಎಂಬ ಅಕ್ಷರಗಳನ್ನೂ ಧರಿಸಬಹುದೆಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರೋಗ್ಯಸೇವೆಗಳ ಮಹಾನಿರ್ದೇಶಕರ ಪತ್ರವು ಅದು ಕೂಡದೆಂದು ಹೇಳಿ, ಮರುದಿನವೇ ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟಿತು. ವಿವಾದವು ನ್ಯಾಯಸ್ಥಾನದ ಬಾಗಿಲನ್ನೂ ತಟ್ಟಿತು. ಬಿರುದು ಯಾವುದಾದರೂ ಆಗಲಿ. ರೋಗಿಗೆ ಬೇಕಾದುದು ಬಿರುದಿನ ಹಿಂದಿರುವ ವಿದ್ಯೆ.

ಏಕೆಂದರೆ ಅವಿದ್ಯೆಯ ಸ್ಪರ್ಶದಿಂದಾಗುವ ಹಾನಿಯು ಅಲ್ಪವಾದುದಲ್ಲ. ಕಾಲಿನ ಮೀನಖಂಡವು ಊದಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗಬಹುದು. ಸಕ್ಕರೆರೋಗದಿಂದ ಸ್ಪರ್ಶಜ್ಞಾನವು ಕುಂದಿದ ಪಾದಕ್ಕೆ ಶಾಖವನ್ನಿಟ್ಟರೆ ಸುಟ್ಟುದೂ ರೋಗಿಗೆ ತಿಳಿಯದು. ಹೃದಯಕ್ಕೆ ಪೇಸ್‌ಮೇಕರ್ ಯಂತ್ರವನ್ನು ಅಳವಡಿಸಿಕೊಂಡವರಿಗೆ ಕೆಲವು ವಿದ್ಯುಚ್ಚಿಕಿತ್ಸೆಗಳು ನಿಷಿದ್ಧ. ಬೆನ್ನುನೋವೆಂದು ಕಂಡುದು ಬೆನ್ನೆಲುಬಿನ ಕ್ಷಯವೋ ಅರ್ಬುದವೋ ಆಗಿದ್ದಲ್ಲಿ ಅದನ್ನು ತಿರುಚುವುದು ಘೋರವಾದ ತಪ್ಪು. ಎಲ್ಲಿ ಮುಟ್ಟಬಾರದೆಂಬುದನ್ನು ಅರಿಯುವುದಕ್ಕೇ ಅಷ್ಟು ವರ್ಷಗಳ ಅಧ್ಯಯನ.

ಆದುದರಿಂದ ಸದ್ಭಕ್ತರು ತಮಗಾಗಲಿ ಮನೆಯ ಹಿರಿಯರಿಗಾಗಲಿ ಭೌತಚಿಕಿತ್ಸೆಯನ್ನು ಮಾಡಿಸುವಾಗ ಸಂಕೋಚಪಡದೆ ವಿಚಾರಿಸತಕ್ಕದ್ದು. ಪದವಿಯು ಯಾವುದು, ಯಾವ ವಿಶ್ವವಿದ್ಯಾನಿಲಯದ್ದು? ಯಾವ ಶಾಖೆಯಲ್ಲಿ ವಿಶೇಷಾಭ್ಯಾಸ? ನೋಂದಣಿಯಾಗಿದೆಯೇ? ಚಿಕಿತ್ಸೆಗೆ ಮುಂಚೆ ಹಿಂದಿನ ರೋಗಗಳನ್ನು ಕೇಳಿ ಪರೀಕ್ಷಿಸಿದರೇ, ಅಥವಾ ನೇರವಾಗಿ ಯಂತ್ರವನ್ನು ಹಚ್ಚಿದರೇ? ಮನೆಯಲ್ಲಿ ಮಾಡತಕ್ಕ ವ್ಯಾಯಾಮವನ್ನು ಕಲಿಸಿದರೇ? ನಿಜವಾದ ವಿದ್ಯಾವಂತನು ಇಂತಹ ಪ್ರಶ್ನೆಗಳಿಗೆ ಕೋಪಿಸಿಕೊಳ್ಳುವುದಿಲ್ಲ. ರೋಗಿಯು ತನ್ನನ್ನು ಸದಾ ಅವಲಂಬಿಸಿರಬೇಕೆಂದು ಅವನು ಬಯಸುವುದಿಲ್ಲ. ಶಿಷ್ಯನು ತಾನೇ ನಡೆಯುವಂತಾದರೆ ಗುರುವಿಗೆ ಹೇಗೆ ಸಂತೋಷವೋ ಹಾಗೆಯೇ ರೋಗಿಯು ತಾನೇ ನಡೆಯುವಂತಾದರೆ ಅವನಿಗೆ ತೃಪ್ತಿ. ಯೋಗ್ಯರನ್ನು ವಿಚಾರಿಸಿ ಗೌರವಿಸುವುದು ಭಕ್ತರ ಕರ್ತವ್ಯವು; ಅಯೋಗ್ಯರನ್ನು ತಡೆಯುವುದು ಪ್ರಭುತ್ವದ ಕರ್ತವ್ಯವು; ಪಡೆದ ಅನುಜ್ಞೆಗೆ ತಕ್ಕಂತೆ ಸತ್ಯಶುದ್ಧವಾಗಿ ದುಡಿಯುವುದು ಆ ವೃತ್ತಿಯವರ ಕಾಯಕವು. ಈ ಮೂರೂ ಕೂಡಿದಲ್ಲಿ ಬಿದ್ದ ಕೈಗಳು ಏಳುವುವು, ನಿಂತ ಕಾಯಕಗಳು ನಡೆಯುವುವು, ಬರಿದಾದ ಕರಪೀಠಗಳಲ್ಲಿ ಇಷ್ಟಲಿಂಗವು ಮತ್ತೆ ಬೆಳಗುವುದು. ಶ್ರೀಗುರುಕರುಣೆಯಿಂದ ಅಂತಹ ಆರೋಗ್ಯಭಾಗ್ಯವು ಶ್ರೀಮಠದ ಸಕಲ ಸದ್ಭಕ್ತರಿಗೂ ಲಭಿಸಲಿ.